ವೆರ್ದಾನೋ ಕೋಟೆಯ ಮೂರನೇ ಭಾಗ

ಸ್ಕಾರ್‌ಬರೋ, ನವೆಂಬರ್ ೧೪, ೧೭೯೮

ಮುದುಕಿ ಬಿದ್ದು ವಾರವಾಯಿತು. ಬಂದರಿನ ಮೆಟ್ಟಿಲ ಮೇಲೆಲ್ಲ ಹಿಮ ಕಟ್ಟಿದೆ ಅತ್ತೆ, ಇವತ್ತೊಂದು ದಿನ ಹೋಗಬೇಡಿ ಅಂದೆ. "ನೀನು ಹುಟ್ಟೋಕೆ ಮುಂಚೆಯಿಂದ ಆ ಮೆಟ್ಟಿಲು ಹತ್ತಿಳಿದವಳು ನಾನು, ನನಗೆ ಹೇಳಿಕೊಡೋಕೆ ಬಂದ್ಲು" ಅಂದಳು, ಹೋದಳು. ಆಮೇಲೆ ಮೀನುಗಾರರು ಹಲಗೆಯ ಮೇಲೆ ಮಲಗಿಸಿ ಹೊತ್ತು ತಂದರು. ತೊಡೆಯ ಮೂಳೆ ಮುರಿದಿತ್ತು. ಅಷ್ಟು ನೋವಲ್ಲೂ "ಬಾಗಿಲಿಗೆ ತಾಗಿಸಬೇಡ್ರೋ, ಬಣ್ಣ ಹೊಡೆಸಿದ್ದೀನಿ" ಅಂತ ಅವರನ್ನು ಬೈಯುತ್ತಿದ್ದಳು.

ಹೋಗಿದ್ದು ಯಾಕೆ ಅಂತ ಊರಿಗೆಲ್ಲ ಗೊತ್ತು. ಯಾವ ಹಡಗು ಬಂದರೂ ಹೋಗಿ ನಿಂತು ಕೇಳಬೇಕು, ನನ್ನ ಮಗ ಜೇಬಜ್‌ನನ್ನ ಎಲ್ಲಾದ್ರೂ ನೋಡಿದ್ರಾ ಅಂತ. ಜೇಬಜ್ ನನ್ನ ಗಂಡ. ಇದನ್ನು ಇಲ್ಲಿ ಬರೆದಿಟ್ಟುಕೊಳ್ಳುತ್ತೇನೆ, ಯಾಕಂದರೆ ಈ ಮನೆಯಲ್ಲಿ ಅವನು ಬರೀ ಅವಳ ಮಗ. ತಿಮಿಂಗಿಲ ಬೇಟೆಗೆ ಗ್ರೀನ್‌ಲ್ಯಾಂಡಿನ ಕಡೆ ಹೋದ ಹಡಗುಗಳೆಲ್ಲ ಹೋದ ವರ್ಷವೇ ವಾಪಸು ಬಂದವು, ಅವನದೊಂದು ಬಿಟ್ಟು. ಮಂಜುಗಡ್ಡೆ ಎರಡೂ ಕಡೆಯಿಂದ ಬಂದು ಆ ಹಡಗನ್ನು ಅಪ್ಪಚ್ಚಿ ಮಾಡಿದ್ದನ್ನು ಕಣ್ಣಾರೆ ಕಂಡವರಿದ್ದಾರೆ. ಮುದುಕಿ ಒಪ್ಪುವುದಿಲ್ಲ. "ಹೆಣ ನೋಡಿದ್ಯಾ? ಇಲ್ಲ ತಾನೇ? ಹಾಗಾದ್ರೆ ಬಾಯಿ ಮುಚ್ಕೊಂಡಿರು." ಪಾದ್ರಿ ಸತ್ತವರ ಪ್ರಾರ್ಥನೆ ಓದುವಂತಿಲ್ಲ, ನಾನು ಶೋಕದ ಕಪ್ಪು ಬಟ್ಟೆ ಹಾಕುವಂತಿಲ್ಲ. ನೀಲಿ ಗೌನು ಹಾಕಿಕೊಂಡು ಓಡಾಡುವ ವಿಧವೆ ಈ ಊರಲ್ಲಿ ನಾನೊಬ್ಬಳೇ. ಅಳಬೇಕಾದರೂ ಅವಳ ಅಪ್ಪಣೆ ಬೇಕು.

ಅಣ್ಣ ಈನಕ್ ಹಲ್ ಪಟ್ಟಣದಿಂದ ಮತ್ತೆ ಬರೆದಿದ್ದಾನೆ. ಹೆಂಡತಿ ಬಸುರಿ, ಮನೆ ನೋಡಿಕೊಳ್ಳಲು ಬಂದುಬಿಡು, ಬೆಚ್ಚಗಿನ ಕೋಣೆ ಇದೆ ಅಂತ. ಮುದುಕಿ ಎದ್ದು ಓಡಾಡುವಂತಾದ ದಿನವೇ ಹೊರಡುತ್ತೇನೆ. ಇದು ನಿಶ್ಚಯ.

ದಿನಚರಿ ಬರೆಯುವವರು ದಿನಕ್ಕೊಂದು ಕೃಪೆಯನ್ನಾದರೂ ನೆನೆದು ಬರೆಯಬೇಕು ಅಂತ ನಮ್ಮ ಮೆಥಡಿಸ್ಟ್ ಪಂಥದ ಸಭೆಯಲ್ಲಿ ಹೇಳುತ್ತಾರೆ. ಇವತ್ತಿನ ಕೃಪೆ: ಮುದುಕಿಯ ಬಾಯಿಗೆ ಏಟಾಗಿಲ್ಲ. ದೇವರಿಗೆ ವಂದನೆ.

ನವೆಂಬರ್ ೨೦

ಆ ಬಾಯಿಯೂ ಈಗ ಮುಚ್ಚಿದೆ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾಳೆ. ಸಾರು ಬೇಡ, ಗಂಜಿ ಬೇಡ, ಹ್ಯಾಡಕ್ ಮೀನು ಹಾಲಲ್ಲಿ ಬೇಯಿಸಿಕೊಟ್ಟರೆ ಅದೂ ಬೇಡ. ಡಾಕ್ಟರು ನನ್ನನ್ನು ಅಡುಗೆಮನೆಗೆ ಕರೆದು ಹೇಳಿದರು, "ಮೂಳೆ ಕೂಡಬಹುದು. ಆದ್ರೆ ಹೊಟ್ಟೆಗೆ ಬೀಳದೆ ಕೂಡಲ್ಲಮ್ಮ. ಹೀಗೇ ಆದ್ರೆ ಹೊಸ ವರ್ಷ ನೋಡಲ್ಲ." ಬಂದರಿಗೆ ಹೋಗಲಾಗದ ಮೇಲೆ ಬದುಕಿ ಏನು ಮಾಡಲಿ ಅಂತ ಅವಳ ಲೆಕ್ಕ ಇರಬೇಕು.

ನನಗೆ ಅವಳ ಮೇಲೆ ಎಷ್ಟೇ ಸಿಟ್ಟಿರಲಿ, ಕಣ್ಣೆದುರೇ ಹಸಿದು ಸಾಯುವುದನ್ನು ನೋಡುತ್ತಾ ಕೂರಲಾರೆ.

ನವೆಂಬರ್ ೨೩

ಇವತ್ತು ನಡೆದದ್ದನ್ನು ಬರೆಯಲೇಬೇಕು. ಪಿಕರ್ಸ್‌ಗಿಲ್ ಅವರ ಬಾಡಿಗೆ ಲೈಬ್ರರಿಯ ಹರಿದ ಪುಸ್ತಕಗಳನ್ನು ಚಳಿಗಾಲದಲ್ಲಿ ನಾನು ಮನೆಗೆ ತಂದು ಹೊಲಿದು, ಅಂಟು ಹಚ್ಚಿ, ರಟ್ಟು ಕಟ್ಟಿ ಕೊಡುತ್ತೇನೆ. ಬೇಸಿಗೆಯಲ್ಲಿ ಸಮುದ್ರಸ್ನಾನಕ್ಕೆ ಬರುವ ದೊಡ್ಡ ಮನೆಯ ಹೆಂಗಸರು ಪುಸ್ತಕ ಓದುತ್ತಾರೋ ತಿನ್ನುತ್ತಾರೋ, ಆ ಸ್ಥಿತಿಯಲ್ಲಿರುತ್ತವೆ. ಈ ಸಲ ಬಂದದ್ದು 'ವೆರ್ದಾನೋ ಕೋಟೆ', ಮೊದಲ ಭಾಗ. ಹೊಲಿಯುವ ಮುಂಚೆ ಹಾಳೆಗಳು ಸರಿಯಾಗಿವೆಯಾ ಅಂತ ನೋಡಲು ಶುರುಮಾಡಿದವಳು ಓದುತ್ತಾ ಕೂತೆ. ಈ ಮನೆಯಲ್ಲಿ ಮಾತಿನ ಸದ್ದೇ ಇಲ್ಲವಲ್ಲ, ಹಾಗಾಗಿ ಗಟ್ಟಿಯಾಗೇ ಓದಿದೆ. ಅನಾಥೆ ಸೆರಾಫಿನಾ ಬೆಟ್ಟದ ಮೇಲಿನ ಕೋಟೆಗೆ ಬರುತ್ತಾಳೆ. ಕೋಟೆಯ ಒಡತಿ ಒರ್ಸೊಲಾಳ ಮಗ ಲಿಯಾಂದ್ರೊ ಕಡಲಾಚೆ ಯುದ್ಧಕ್ಕೆ ಹೋದವನು, ಸುದ್ದಿಯಿಲ್ಲ. ಉತ್ತರದ ಗೋಪುರದ ಬೀಗ ಹಾಕಿದ ಕೋಣೆಯಲ್ಲಿ ಯಾರೋ ಓಡಾಡುವ ಸದ್ದು.

"ಹೆಜ್ಜೆ ಭಾರವಾಗಿತ್ತಾ, ಹಗುರವಾಗಿತ್ತಾ?"

ಬೆಚ್ಚಿಬಿದ್ದು ಸೂಜಿ ಚುಚ್ಚಿಕೊಂಡೆ. ಒಳಗಿನಿಂದ ಮುದುಕಿ ಕೇಳಿದ್ದು!

"ಅತ್ತೆ, ಇದು ಕಾದಂಬರಿ. ಪಾಪದ ಪುಸ್ತಕ ಅಂತ ನೀವೇ ಹೇಳ್ತಿದ್ರಿ."

"ಓದೋದು ಪಾಪ. ನಾನೇನು ಓದ್ತಿದ್ದೀನಾ? ಕಾಲು ಮುರ್ಕೊಂಡು ಬಿದ್ದಿದ್ದೀನಿ. ಕಣ್ಣಿಗೆ ರೆಪ್ಪೆ ಇದೆ, ಕಿವಿಗೆ ಇಲ್ವಲ್ಲ, ನಾನೇನು ಮಾಡ್ಲಿ? ಹೇಳು, ಭಾರವಾಗಿತ್ತಾ?"

"ಒಂದು ಬಟ್ಟಲು ಸಾರು ಕುಡೀರಿ, ಹೇಳ್ತೀನಿ."

ಹೊದಿಕೆ ಎಳೆದುಕೊಂಡ ಸದ್ದಾಯಿತು. ಕೆಲಸ ಕೆಟ್ಟಿತು ಅಂದುಕೊಂಡೆ. ಸ್ವಲ್ಪ ಹೊತ್ತು ಬಿಟ್ಟು, "ಉಪ್ಪು ಕಮ್ಮಿ ಹಾಕು" ಅಂದಳು.

ಪುಸ್ತಕ ಬರೆದವರು ಯಾರೋ, ಎಲ್ಲಿರುವವರೋ. ಅವರ ಹೊಟ್ಟೆ ತಣ್ಣಗಿರಲಿ. ಇದು ಕೃಪೆಯೇ ಹೌದು.

ಡಿಸೆಂಬರ್ ೪

ಒಂದು ಅಧ್ಯಾಯಕ್ಕೆ ಒಂದು ಬಟ್ಟಲು. ನಮ್ಮ ಒಪ್ಪಂದ ಚೆನ್ನಾಗಿ ನಡೆದಿದೆ. ಮೇಣದಬತ್ತಿ ಉಳಿಸಲು ಮಧ್ಯಾಹ್ನದ ಬೆಳಕಲ್ಲೇ ಓದುತ್ತೇನೆ. ಪಕ್ಕದ ಮನೆಯ ತಮರ್ ತನ್ನ ಗಂಡನ ಕಡಲ ಅಂಗಿ ಹೆಣೆಯುವ ನೆಪದಲ್ಲಿ ಬಂದು ಕೂರುತ್ತಾಳೆ. ಅವಳ ಬಾಯಿಗೆ ಬೀಗವಿಲ್ಲ.

"ಅಷ್ಟು ದೊಡ್ಡ ಕೋಟೆ, ಒಂದು ಒಳ್ಳೆ ಲಾಟೀನು ಇಟ್ಕೋಬಾರ್ದಾ? ಯಾವಾಗ ನೋಡಿದ್ರೂ ದೀಪ ಆರೋಗತ್ತೆ!"

ಅತ್ತೆ ರೇಗಿದರು. "ದೀಪ ಆರದಿದ್ರೆ ನೀನು ಇಲ್ಲಿ ಬಂದು ಕೂರ್ತಿದ್ಯಾ? ಬಾಯಿ ಮುಚ್ಚಿ ಹೆಣಿ."

ತಮರ್‌ಗೆ ಕೋಟೆಯೆಂದರೆ ಅಷ್ಟೇನೂ ಭಯವಿಲ್ಲ. ನಮ್ಮೂರ ಗುಡ್ಡದ ಮೇಲೂ ಪಾಳುಬಿದ್ದ ಕೋಟೆ ಇದೆಯಲ್ಲ, ಅಲ್ಲಿ ಅವಳು ಹಾಸಿಗೆ ಬಟ್ಟೆ ಒಣಗಿಸುತ್ತಾಳೆ.

ನಿನ್ನೆ ಸಭೆಯ ಹಿರಿಯರು ಅತ್ತೆಯನ್ನು ನೋಡಲು ಬಂದಾಗ ಸೆರಾಫಿನಾ ಸುರಂಗದಲ್ಲಿದ್ದಳು. ಅತ್ತೆ ಕಣ್ಸನ್ನೆ ಮಾಡಿದರು. ಪುಸ್ತಕವನ್ನು ದೊಡ್ಡ ಧರ್ಮಪ್ರವಚನಗಳ ಸಂಪುಟದೊಳಗೆ ತೂರಿಸಿದೆ. "ಏನು ಓದಿಸಿಕೊಳ್ತಿದ್ದೀರಿ ತಾಯಿ?" ಅಂದರು ಹಿರಿಯರು. "ಪಾಪಿಗಳಿಗೆ ಏನಾಗತ್ತೆ ಅಂತ" ಅಂದರು ಅತ್ತೆ, ಮುಖದ ಒಂದು ಗೆರೆಯೂ ಅಲುಗದ ಹಾಗೆ. ಅವರು ಸಂತೋಷಪಟ್ಟು ಹೋದರು. ಬಾಗಿಲು ಹಾಕಿ ನಾನು ಅಲ್ಲೇ ಕುಸಿದು ಕೂತು ನಕ್ಕೆ. ಒಳಗೆ ಹಾಸಿಗೆಯೂ ಅಲುಗುತ್ತಿತ್ತು. ಈ ಮನೆಯಲ್ಲಿ ನಗು ಕೇಳಿ ಎಷ್ಟು ಕಾಲವಾಗಿತ್ತೋ.

ಡಿಸೆಂಬರ್ ೧೫

ಎರಡನೇ ಭಾಗ ಮುಗಿಯಿತು. ಕೊನೆಯ ಪುಟದಲ್ಲಿ ಒರ್ಸೊಲಾ ಉತ್ತರದ ಗೋಪುರದ ಬಾಗಿಲ ಮುಂದೆ ದೀಪ ಹಿಡಿದು ನಿಂತಿದ್ದಾಳೆ. ಒಳಗಿನಿಂದ ಯಾರೋ ಬೀಗ ತಿರುಗಿಸುತ್ತಾರೆ. ಅಲ್ಲಿಗೆ ಭಾಗ ಮುಗಿಯಿತು. ಮೂವರೂ ಒಟ್ಟಿಗೆ ಚೀರಿದೆವು.

ಓಡಿಹೋಗಿ ಮೂರನೇ ಭಾಗ ಕೇಳಿದೆ. ಪಿಕರ್ಸ್‌ಗಿಲ್ ತಲೆ ಕೆರೆದುಕೊಂಡರು.

"ಅದು ಇಲ್ಲವಲ್ಲ ಡೈನಾ. ಬಾಡಿಗೆಗೆ ಒಂದೊಂದೇ ಭಾಗ ಕೊಡ್ತೀವಲ್ಲ, ಅದರ ಕರ್ಮ ಇದು. ಸೆಪ್ಟೆಂಬರಲ್ಲಿ ಬಾತ್ ಊರಿನ ಕಡೆಯ ಒಬ್ಬ ಮಹಾತಾಯಿ ಹೊರಡೋ ಗಡಿಬಿಡೀಲಿ ಮೂರನೇ ಭಾಗವನ್ನ ತನ್ನ ಪೆಟ್ಟಿಗೆಗೆ ಹಾಕ್ಕೊಂಡು ಹೋಗಿಬಿಟ್ಟಳು. ಅವಳ ಒಳಲಂಗದ ಜೊತೆ ಇರಬೇಕು ಪಾಪ. ಪತ್ರ ಬರೆದಿದ್ದೀನಿ. ಆದ್ರೆ ಈ ಹಿಮದಲ್ಲಿ ಟಪ್ಪಾಲು ಗಾಡಿ ಯಾರ್ಕ್ ದಾಟಿದ್ರೆ ಹೆಚ್ಚು."

ಡಿಸೆಂಬರ್ ೧೮

ಅತ್ತೆಗೆ ಇದ್ದದ್ದು ಇದ್ದಹಾಗೆ ಹೇಳಿದೆ. "ಬರಲಿ ಬಿಡು. ಬಂದಾಗ ಉಣ್ತೀನಿ" ಅಂದರು, ಮತ್ತೆ ಗೋಡೆಯ ಕಡೆ ತಿರುಗಿದರು. ಮೂರು ದಿನದಿಂದ ಬಟ್ಟಲು ಹಾಗೇ ವಾಪಸು ಬರುತ್ತಿದೆ. ಕೈ ಹಿಡಿದರೆ ಹಕ್ಕಿಯ ಕಾಲು ಹಿಡಿದ ಹಾಗಿದೆ. ತಮರ್ ಬಾಗಿಲಲ್ಲಿ ಪಿಸುಗುಟ್ಟಿದಳು, "ಬಾಗಿಲ ಹಿಂದೆ ಯಾರಿದ್ದಾರೆ ಅಂತ ಏನಾದ್ರೂ ಒಂದು ಹೇಳಿಬಿಡೇ. ಅವಳಿಗೇನು ಗೊತ್ತಾಗತ್ತೆ?"

ಏನಾದರೂ ಒಂದು! ಅಷ್ಟು ಸುಲಭವಾ?

ಡಿಸೆಂಬರ್ ೨೧

ಬರೆದೆ. ಲೈಬ್ರರಿಯ ಹಳೇ ಪಟ್ಟಿಗಳ ಹಿಂಬದಿ ಖಾಲಿ ಇದೆ, ಪಿಕರ್ಸ್‌ಗಿಲ್ ಅಂಟು ಒರೆಸಲು ಕೊಟ್ಟಿದ್ದರು, ಅದರ ಮೇಲೆ ಬರೆದೆ. ಬೆಳಿಗ್ಗೆ ಒಲೆ ಹಚ್ಚಿದಾಗಿನಿಂದ ಕೂತವಳು ಗಂಜಿ ತಳ ಹಿಡಿದಾಗ ಎದ್ದೆ. ಬೇರೊಂದು ಪುಸ್ತಕದ ರಟ್ಟಿನೊಳಗೆ ಹಾಳೆಗಳನ್ನಿಟ್ಟುಕೊಂಡು, "ಅತ್ತೆ, ಮೂರನೇ ಭಾಗ ಬಂತು" ಅಂದೆ.

ಬಾಗಿಲು ತೆಗೆಯುವ ಧೈರ್ಯ ಬರಲಿಲ್ಲ. ಗಾಳಿ ಬಂದು ದೀಪ ಆರಿತು, ಒರ್ಸೊಲಾ ಎಚ್ಚರ ತಪ್ಪಿದಳು, ಬೀಗ ಮತ್ತೆ ಬಿತ್ತು. ಅಷ್ಟರಲ್ಲಿ ಅಧ್ಯಾಯ ಮುಗಿಸಿಬಿಟ್ಟೆ.

"ಥೂ, ಹಾಳಾದ ದೀಪ!" ಅಂದರು ಅತ್ತೆ. ಬಟ್ಟಲು ಖಾಲಿ ಮಾಡಿದರು.

ಖಾಲಿ ಬಟ್ಟಲು ತೊಳೆಯುತ್ತಾ ಹಾಡು ಗುನುಗುತ್ತಿದ್ದೆನಂತೆ. ತಮರ್ ಹೇಳಿದಳು.

ಜನವರಿ ೬, ೧೭೯೯

ದೊಡ್ಡ ಹಿಮ. ಬೀದಿಯಲ್ಲಿ ಮೊಣಕಾಲುದ್ದ. ನನಗೇನು ಚಿಂತೆ? ನನ್ನ ಬಳಿ ಮಸಿ ಇದೆ, ಹಾಳೆ ಇದೆ, ಕೇಳುವವರಿದ್ದಾರೆ.

ಹೆದರಿಸುವುದು ಕಷ್ಟದ ಕೆಲಸ. ಮೊನ್ನೆ ಒಂದು ಅಸ್ಥಿಪಂಜರ ತಂದೆ, ಯಾರೂ ಮಿಸುಕಲಿಲ್ಲ. "ಮೂಳೆ ನೋಡಿ ಹೆದರೋದಾದ್ರೆ ನಾನು ದಿನಾ ಮೀನು ಹೆಚ್ಚೋದು ಹೇಗೆ?" ಅಂದಳು ತಮರ್. ಇವತ್ತು ಬರೀ ಒಂದು ಕುರ್ಚಿ ತಂದೆ. ಸೆರಾಫಿನಾ ಮಲಗುವಾಗ ಗೋಡೆಯ ಕಡೆ ತಿರುಗಿದ್ದ ಕುರ್ಚಿ ಎದ್ದಾಗ ಹಾಸಿಗೆಯ ಕಡೆ ತಿರುಗಿತ್ತು. ಅಷ್ಟೇ. ತಮರ್ ಹೆಣೆಯುತ್ತಿದ್ದ ಕುಣಿಕೆ ಬಿಟ್ಟಳು. ಅತ್ತೆ ಕೋಣೆಯ ಮೂಲೆಯಲ್ಲಿದ್ದ ಕುರ್ಚಿ ನೋಡಿ, "ಅದನ್ನ ಆಚೆ ಇಡು" ಅಂದರು. ಆಚೆ ಇಟ್ಟೆ. ಹೆಮ್ಮೆಯಿಂದ ನನಗೆ ಮೈ ಬೆಚ್ಚಗಾಯಿತು. ಇದು ಪಾಪವಿರಬಹುದು, ಇರಲಿ.

ಅತ್ತೆಗೆ ಏನೋ ಅನುಮಾನ. "ಈ ಭಾಗ ಬರೆಯೋ ಹೊತ್ತಿಗೆ ಆ ಮನುಷ್ಯನಿಗೆ ಮದುವೆ ಆಗಿರ್ಬೇಕು. ಎರಡು ಭಾಗದಲ್ಲಿ ಯಾರೂ ಒಂದು ತುತ್ತು ತಿಂದಿರ್ಲಿಲ್ಲ. ಈಗ ಎಲ್ರೂ ಸಾರು ಕುಡೀತಾರೆ, ಕಾಲು ತಣ್ಣಗಾಯ್ತು ಅಂತಾರೆ." ನಾನು ಪುಟ ಮಗುಚಿದೆ.

ಜನವರಿ ೨೨

ಜಗಳ. ಅತ್ತೆ ಇವತ್ತು ರಂಪ ಮಾಡಿದರು. "ಆ ಬಾಗಿಲು ತೆಗೀತಾಳಾ ಇಲ್ವಾ? ಇಷ್ಟೊತ್ತಿಗೆ ಬೀಗಕ್ಕೆ ತುಕ್ಕು ಹಿಡಿದಿರತ್ತೆ! ಸುರಂಗ ಆಯ್ತು, ಕುರ್ಚಿ ಆಯ್ತು, ಕುರುಡ ಸನ್ಯಾಸಿ ಆಯ್ತು, ಒಳಗಿರೋನು ಯಾರು? ಮಗನಾ? ಬದುಕಿದ್ದಾನಾ? ಮುಂದಿನ ಪುಟ ತಿರುಗಿಸಿ ನೋಡಿ ಹೇಳೇ ಹುಡುಗಿ."

"ಹಾಗೆಲ್ಲ ನೋಡಬಾರದು ಅತ್ತೆ."

"ಯಾಕೆ, ನಾನು ಕೊನೆ ಪುಟದವರೆಗೂ ಇರ್ತೀನಿ ಅಂತ ಬರಕೊಟ್ಟಿದ್ದೀಯಾ?"

ಅಡುಗೆಮನೆಗೆ ಬಂದು ನಿಂತೆ. ತಮಾಷೆಯಾಗಿ ಶುರುವಾದದ್ದು ನನ್ನ ಕುತ್ತಿಗೆಗೆ ಬಂದಿದೆ. ಲಿಯಾಂದ್ರೊ ಬದುಕಿದ್ದಾನೆ ಅಂತ ಬರೆದರೆ ಅವರು ಕುಣಿದಾಡುತ್ತಾರೆ. ಆಮೇಲೆ ತಮ್ಮ ಮಗನೂ ಬರುತ್ತಾನೆ ಅಂತ ಕೋಲೂರಿಕೊಂಡು ಬಂದರಿಗೆ ಹೋಗಿ ನಿಲ್ಲುತ್ತಾರೆ, ಸಾಯುವವರೆಗೂ. ಸತ್ತಿದ್ದಾನೆ ಅಂತ ಬರೆದರೆ ಗೋಡೆಯ ಕಡೆ ತಿರುಗುತ್ತಾರೆ, ಮತ್ತೆ ಈ ಕಡೆ ತಿರುಗುವುದಿಲ್ಲ. ಸುಳ್ಳು ಬರೆಯಲು ಮನಸ್ಸಿಲ್ಲ, ನಿಜ ಬರೆಯಲು ಧೈರ್ಯವಿಲ್ಲ. ದೇವರೇ, ಆ ಮಹಾತಾಯಿ ತನ್ನ ಪೆಟ್ಟಿಗೆ ಬೇಗ ತೆಗೆದು ನೋಡಲಿ.

ಜನವರಿ ೩೧

ಬರೆಯಲಿಲ್ಲ. ಅತ್ತೆಗೆ ನೆಗಡಿ ಅಂತ ನೆಪ ಸಿಕ್ಕಿತು. ಎದೆಗೆ ಸಾಸಿವೆ ಪಟ್ಟು ಹಾಕಿದೆ. "ನಿನ್ನ ಕೈ ಬಿಸಿಯಾಗಿದೆ, ಹಾಗೇ ಇಡು" ಅಂದರು. ಕತ್ತಲಾಗುವವರೆಗೂ ಹಾಗೇ ಇಟ್ಟುಕೊಂಡು ಕೂತಿದ್ದೆ.

ಫೆಬ್ರವರಿ ೭

ಇವತ್ತು ಬಾಗಿಲು ತೆಗೆದೆ. ಯಾರು ಬರುತ್ತಾರೆ ಅಂತ ನನಗೇ ಗೊತ್ತಿರಲಿಲ್ಲ. ಬಂದವನು ಲಿಯಾಂದ್ರೊ. ಕೂದಲಿಂದ ನೀರು ಇಳಿಯುತ್ತಿತ್ತು. ಒಂದು ಬೂಟಿನ ಮೊನೆಯಿಂದ ಇನ್ನೊಂದರ ಹಿಮ್ಮಡಿಯನ್ನು ಮೆಟ್ಟಿ ಕಳಚಿದ, ಎರಡನ್ನೂ ಬೆಂಕಿಯ ಪಕ್ಕ ತಲೆಕೆಳಗಾಗಿ ನಿಲ್ಲಿಸಿದ. ಈ ಬೂಟಿನ ಮಾತು ಎಲ್ಲಿಂದ ಬಂತೋ, ಕೈ ತಾನೇ ಬರೆಯಿತು. ಅಷ್ಟು ದೊಡ್ಡ ಮನೆತನದವನಿಗೆ ಬೂಟು ಕಳಚಲು ಆಳಿರಲ್ವಾ ಅಂತ ತಮರ್ ಕೇಳುತ್ತಾಳೆ. ಕೇಳಲಿ.

ಅವನು ತಾಯಿಯ ಹತ್ತಿರ ಒಂದು ಮಾತು ಕೇಳುತ್ತಾನೆ. ಅಲ್ಲಿಗೆ ನಿಂತೆ. ತಾಯಿ ಏನು ಹೇಳಬೇಕು ಅಂತ ಹೊಳೆಯುತ್ತಿಲ್ಲ. ಹಾಳೆಯ ಅರ್ಧ ಖಾಲಿ ಇದೆ. ನಾಳೆ ಅಷ್ಟನ್ನೇ ಓದಿ ಕೆಮ್ಮು ಅಂತ ಎದ್ದುಬಿಡುತ್ತೇನೆ.

ಫೆಬ್ರವರಿ ೮

ಈಗಲೇ ಬರೆಯುತ್ತೇನೆ, ಒಂದು ಮಾತೂ ಮರೆಯಬಾರದು.

ಹಿಮದಿಂದ ತಮರ್ ಬರಲಿಲ್ಲ, ನಾವಿಬ್ಬರೇ. ಬಾಗಿಲು ತೆರೆಯಿತು ಅಂತ ಓದಿದೆ. ನೀರು ಇಳಿಯುತ್ತಿತ್ತು ಅಂತ ಓದಿದೆ. ಬೂಟು ಓದಿದೆ.

"ಹಾಗೆ ಮೆಟ್ಟಿ ಮೆಟ್ಟಿ ಹಿಮ್ಮಡಿ ಹಾಳು ಮಾಡ್ತಿದ್ದ" ಅಂದರು ಅತ್ತೆ. "ಕೈಯಲ್ಲಿ ಬಿಚ್ಚೋ ಅಂದ್ರೆ ಒಂದು ದಿನ ಕೇಳಲಿಲ್ಲ."

"ಯಾರು ಅತ್ತೆ?"

ಅವರು ನನ್ನನ್ನೇ ನೋಡಿದರು. "ಯಾರು ಅಂತ ನನ್ನ ಕೇಳ್ತೀಯಾ? ಓದು."

ಆಗ ನನಗೆ ಗೊತ್ತಾಯಿತು. ಅಯ್ಯೋ, ಅವನದೇ ಬೂಟು. ನನ್ನದೇ ಒಲೆಯ ಪಕ್ಕ, ಪ್ರತಿ ಸಲ ಕಡಲಿಂದ ಬಂದಾಗಲೂ. ನಾನು ಬರೆದು, ಎರಡು ಸಲ ತಿದ್ದಿ, ನನಗೇ ತಿಳಿದಿರಲಿಲ್ಲ. ಹೇಗೋ ಓದಿದೆ. ಲಿಯಾಂದ್ರೊ ಹೇಳುತ್ತಾನೆ: ಅಮ್ಮಾ, ನೀನು ದಿನಾ ಕರೆಯುತ್ತೀಯ. ನೀನು ಕರೆಯುತ್ತಿರುವವರೆಗೂ ನಾನು ಈ ಬಾಗಿಲು ಬಿಟ್ಟು ಎಲ್ಲಿಗೂ ಹೋಗಲಾರೆ. ತುಂಬಾ ಚಳಿ ಅಮ್ಮಾ ಇಲ್ಲಿ. ಹೋಗಲಾ?

ಅಲ್ಲಿಗೆ ಮುಗಿದಿತ್ತು. ಕೆಮ್ಮು ಅನ್ನಲೂ ಆಗಲಿಲ್ಲ. ಹಾಳೆಯ ಖಾಲಿ ಅರ್ಧವನ್ನೇ ನೋಡುತ್ತಾ ಕೂತೆ.

"ಪುಸ್ತಕ ಮುಗೀತಾ, ಇಲ್ಲ ನೀನು ಬರೆದದ್ದು ಮುಗೀತಾ?" ಅಂದರು ಅತ್ತೆ. ಸಿಟ್ಟಿರಲಿಲ್ಲ.

"ನಾನು ಬರೆದದ್ದು. ಮುಂದೆ ಅವಳು ಏನು ಹೇಳ್ತಾಳೋ ನನಗೆ ಗೊತ್ತಾಗ್ಲಿಲ್ಲ ಅತ್ತೆ."

"ನಿನಗೆ ಹೇಗೆ ಗೊತ್ತಾಗತ್ತೆ? ಅದು ತಾಯಿ ಹೇಳೋ ಮಾತು."

ಒಲೆಯಲ್ಲಿ ಕಲ್ಲಿದ್ದಲು ಕುಸಿದ ಸದ್ದು ಕೇಳಿಸಿತು. ಅವರು ಮಾತಾಡಿದ್ದು ನನ್ನ ಹತ್ತಿರ ಅಲ್ಲ, ಬಾಗಿಲ ಕಡೆ ನೋಡಿ.

"ಒದ್ದೆ ಆಗಿದ್ದೀಯಲ್ಲೋ. ಬಾ, ಬೆಂಕಿ ಹತ್ರ ಕೂತ್ಕೋ ಅನ್ನೋಕೆ ಆಸೆ ಕಣೋ. ಎಷ್ಟು ದಿನ ಅಂತ ಬಾಗಿಲಲ್ಲೇ ನಿಲ್ಲಿಸ್ಲಿ? ಇನ್ನು ಕರೆಯಲ್ಲಪ್ಪ. ಹೋಗು ಮಗಾ. ಹುಷಾರಾಗಿ ಹೋಗು."

ನಾನು ಹಾಳೆ ಬಿಸಾಕಿ ಅವರ ತೆಕ್ಕೆಗೆ ಬಿದ್ದು ಅತ್ತುಬಿಟ್ಟೆ. ಎರಡು ವರ್ಷದ ಅಳು. ಅವರೂ ಅತ್ತರು. ಮುರಿದ ಕಾಲು ನೋಯುತ್ತೆ ಅನ್ನುವುದು ಇಬ್ಬರಿಗೂ ನೆನಪಿರಲಿಲ್ಲ. ಕೊನೆಗೆ ಅವರೇ "ಏಳೇ, ಕಾಲು, ಕಾಲು!" ಅಂತ ಕೂಗಿಕೊಂಡರು. ಅಳುತ್ತಲೇ ನಕ್ಕೆವು.

ಫೆಬ್ರವರಿ ೯

ಒಲೆ ಹಚ್ಚಿದ್ದೇ ತಡವಾಗಿ. ಇಬ್ಬರಿಗೂ ಅಷ್ಟು ನಿದ್ದೆ.

ಫೆಬ್ರವರಿ ೧೪

ಕಪ್ಪು ಗೌನು ಹೊಲಿಯುತ್ತಿದ್ದೇನೆ. ಅವರೇ ಹೇಳಿದ್ದು. ಹೊಲಿಯುವಾಗ ಅವನ ಕಥೆಗಳು. ಜೇಬಜ್ ಚಿಕ್ಕವನಿದ್ದಾಗ ಬೇರೆಯವರ ಮನೆ ಗೋಡೆ ಹತ್ತಿ ಪಿಯರ್ ಹಣ್ಣು ಕದ್ದು, ಅದನ್ನು ಅದೇ ಮನೆಯವಳಿಗೇ ಮಾರಲು ಹೋಗಿದ್ದನಂತೆ. ನನಗೆ ಗೊತ್ತೇ ಇರಲಿಲ್ಲ. ನಾನೂ ಹೇಳಿದೆ, ಮದುವೆಯ ದಿನ ಉಂಗುರ ಮರೆತು ಹಗ್ಗದ ಬಳೆ ಕಟ್ಟಿ ತಂದಿದ್ದನ್ನು. "ಅಯ್ಯೋ ಮುಟ್ಠಾಳ" ಅಂದರು, ಎಷ್ಟು ಪ್ರೀತಿಯಿಂದ. ನನಗೆ ಅವನು ಅರ್ಧ ಗೊತ್ತಿದ್ದ, ಇನ್ನರ್ಧ ಈಗ ಸಿಗುತ್ತಿದ್ದಾನೆ.

ಬಟ್ಟಲು ಖಾಲಿ. ಕಥೆ ಇಲ್ಲದೆಯೇ ಖಾಲಿ.

ಮಾರ್ಚ್ ೩

ಡಾಕ್ಟರು ಬಂದು ಮೂಳೆ ಕೂಡಿದೆ ಅಂದರು. ಕಾಲು ಗಿಡ್ಡವಾಗುತ್ತದಂತೆ, ಆದರೆ ಭಾರ ಹೊರುತ್ತದಂತೆ. "ಏನು ಔಷಧಿ ಕೊಟ್ಟೆ ಡೈನಾ?" ಅಂತ ನನ್ನ ಕೇಳಿದರು. "ದೆವ್ವಗಳು" ಅಂದರು ಅಮ್ಮ, ಅತ್ತೆಯನ್ನು ಈಗ ಹಾಗೇ ಕರೆಯುತ್ತೇನೆ. ಡಾಕ್ಟರಿಗೆ ಏನೂ ಅರ್ಥವಾಗಲಿಲ್ಲ. ಅವರಿಗೆ ಜಿಂಜರ್‌ಬ್ರೆಡ್ ಕೊಟ್ಟು ಕಳಿಸಿದೆ.

ಮಾರ್ಚ್ ೧೯

ನಿಜವಾದ ಮೂರನೇ ಭಾಗ ಬಂತು! ಬಾತ್‌ನ ಮಹಾತಾಯಿ ಕ್ಷಮೆ ಕೇಳಿ ಕಳಿಸಿದ್ದಾಳೆ. ಪುಟದ ನಡುವೆ ಹೇರ್‌ಪಿನ್ನು.

ತಮರ್‌ನನ್ನೂ ಕರೆದು ಓದಿದೆವು. ಗೋಪುರದಲ್ಲಿ ದೆವ್ವವೂ ಇಲ್ಲ, ಗಿವ್ವವೂ ಇಲ್ಲ, ಕಳ್ಳನೋಟು ಮಾಡುವ ದರೋಡೆಕೋರರಿದ್ದರಂತೆ. ಲಿಯಾಂದ್ರೊ ಆರೋಗ್ಯವಾಗಿ ನೆಲಮಾಳಿಗೆಯಲ್ಲಿದ್ದನಂತೆ. ತಾಯಿಗೆ ನಮಸ್ಕಾರ ಹೇಳಿ, ಸೆರಾಫಿನಾಳನ್ನು ಮದುವೆಯಾಗಿ, ಕೊನೆಯ ಪುಟದಲ್ಲಿ ಕುಣಿತ. ತಮರ್‌ಗೆ ತುಂಬಾ ಇಷ್ಟವಾಯಿತು. "ಇದಪ್ಪಾ ಕಥೆ ಅಂದ್ರೆ! ಎಲ್ರೂ ಬದುಕಿದ್ರು. ನಿನ್ನದರ ಕೊನೆ ಓದಿದ ದಿನ ನಾನು ಇಲ್ಲದೇ ಇದ್ದದ್ದೇ ಒಳ್ಳೆಯದಾಯ್ತು."

ನನಗೆ ಒಳಗೊಳಗೇ ಭಯ. ಬದುಕಿ ಬಂದ ಮಗನನ್ನು ಕೇಳಿ ಅಮ್ಮ ಮತ್ತೆ ಆಸೆ ಹಚ್ಚಿಕೊಂಡರೆ? ಅವರ ಮುಖ ನೋಡಿದೆ.

"ಇದನ್ನ ಬರೆದೋರು ಪುಣ್ಯವಂತರು" ಅಂದರು ಅಮ್ಮ. "ಯಾರನ್ನೂ ಕಳಕೊಂಡಿಲ್ಲ. ದೇವರು ಅವರನ್ನ ಹಾಗೇ ಇಡ್ಲಿ. ಮೊದಲೆರಡು ಭಾಗ ಕೊಟ್ರಲ್ಲ, ಅದಕ್ಕೇ ನಾನು ಅವರಿಗೆ ಋಣಿ. ಮೂರನೇದು ನನಗೆ ಬೇಡ. ನನ್ನ ಹತ್ರ ಇದೆ."

ಮಾರ್ಚ್ ೨೫

ತಮರ್ ಬಾಯಿ ಬಿಟ್ಟಿದ್ದಾಳೆ, ಇನ್ನೇನು ಮಾಡುತ್ತಾಳೆ. ಪಿಕರ್ಸ್‌ಗಿಲ್ ಬಂದು ಹಾಳೆ ಕೇಳಿದರು. ರಟ್ಟು ಕಟ್ಟಿ ಲೈಬ್ರರಿಯಲ್ಲಿ ಇಡುತ್ತಾರಂತೆ, ಅಚ್ಚಾದ ಮೂರನೇ ಭಾಗದ ಪಕ್ಕದಲ್ಲೇ, ಯಾರಿಗೆ ಯಾವುದು ಬೇಕೋ ಅದು. "ಬೀಗ ತೆಗೆಯೋದು ಸ್ವಲ್ಪ ತಡವಾಯ್ತು ಡೈನಾ, ಕುರುಡ ಸನ್ಯಾಸಿಯನ್ನ ಕೈಬಿಡಬಹುದು" ಅಂತ ಸಲಹೆ ಬೇರೆ. ಬಿಡಲ್ಲ ಅಂದೆ. ರಟ್ಟು ನಾನೇ ಕಟ್ಟಿದೆ. ನನ್ನ ಪುಸ್ತಕಕ್ಕೆ ನಾನೇ ಹೊಲಿಗೆ ಹಾಕುವಾಗ ಅನ್ನಿಸಿದ್ದನ್ನು ಹೇಗೆ ಬರೆಯಲಿ? ಸಾವಿರ ಸಲ ವಂದನೆ. ಯಾರಿಗೆ ಅಂತ ಹೇಳಲಿ, ಎಲ್ಲರಿಗೂ.

ಅಣ್ಣ ಈನಕ್‌ನ ಪತ್ರಕ್ಕೆ ಉತ್ತರ ಬರೆಯುವುದು ಬಾಕಿ ಉಳಿದಿತ್ತು, ಇವತ್ತು ಬರೆದೆ. ಮಗು ಹುಟ್ಟಿದರೆ ತಿಳಿಸು, ಟೋಪಿ ಹೆಣೆದು ಕಳಿಸುತ್ತೇನೆ ಅಂತ. ಹೊಸ ಕಥೆ ಶುರುವಾಗಿದೆ. ದೀಪಸ್ತಂಭ ಕಾಯುವ ಹೆಂಗಸು, ಅವಳ ದೀಪಕ್ಕೆ ಉತ್ತರವಾಗಿ ಕಡಲಿಂದ ಇನ್ನೊಂದು ದೀಪ. "ಆ ದೀಪವೂ ಆರತ್ತಾ?" ಅಂತ ಅಮ್ಮ ಈಗಲೇ ಕೇಳುತ್ತಿದ್ದಾರೆ.

ಏಪ್ರಿಲ್ ೧೭

ಗುಡ್ಡದ ಮೇಲಿನ ಚರ್ಚಿನ ಅಂಗಳದಲ್ಲಿ ಜೇಬಜ್‌ಗೆ ಕಲ್ಲು ನೆಡುವುದು ಅಂತಾಯಿತು. ಅಮ್ಮನದೇ ಮಾತು. ಪಾದ್ರಿ ಪ್ರಾರ್ಥನೆ ಓದಿಯಾಗಿದೆ. ಕಲ್ಲುಕುಟಿಗ ಸಾಮ್ಸನ್ ಅಳತೆ ತೆಗೆದುಕೊಂಡು, ಏನು ಕೆತ್ತಲಿ ಅಂದ.

"ಇವಳನ್ನ ಕೇಳು. ನಮ್ಮನೆಯ ಬರೆಯೋಳು ಇವಳೇ."

ಎರಡು ದಿನ ಬಿಟ್ಟು ಬಾ ಅಂದೆ.

ಏಪ್ರಿಲ್ ೧೯

ಎರಡು ದಿನ ಒದ್ದಾಡಿದೆ. ಮೊದಲು ಬರೆದದ್ದರಲ್ಲಿ ಅಲೆಗಳಿದ್ದವು, ಮಂಜುಗಡ್ಡೆಯ ಸಮಾಧಿಯಿತ್ತು, ನರಳುವ ಗಾಳಿ ಇತ್ತು. ಅಮ್ಮನಿಗೆ ಓದಿ ಹೇಳಿದೆ.

"ಚೆನ್ನಾಗಿದೆ ಕಣೆ, ಆದ್ರೆ ಇದು ವೆರ್ದಾನೋ ಕೋಟೆಯ ಗೋಡೆಗೆ ಸರಿ. ನಮ್ಮ ಜೇಬಜ್ ಇದನ್ನ ಓದಿದ್ರೆ ಬಿದ್ದು ಬಿದ್ದು ನಗ್ತಿದ್ದ."

ಹೌದು, ನಗುತ್ತಿದ್ದ. ಗಾಳಿ ಹೊಡೆದು ಹಾಕಿದೆ, ಅಲೆ ಹೊಡೆದು ಹಾಕಿದೆ. ಅವನ ಹೆಸರು ಉಳಿಯಿತು. ಅದರ ಕೆಳಗೆ ಏನಿರಬೇಕು ಅಂತ ಆಗ ಇಬ್ಬರಿಗೂ ಒಟ್ಟಿಗೇ ಗೊತ್ತಾಯಿತು ಅನ್ನಿಸುತ್ತದೆ. ನಾನು ಬರೆದು ಕೈಗೆ ಕೊಟ್ಟೆ. ಅವರು ತುಟಿ ಅಲುಗಿಸಿ ನಿಧಾನ ಓದಿಕೊಂಡರು, ಅಷ್ಟರಲ್ಲಿ ಬಂದಿದ್ದ ಸಾಮ್ಸನ್‌ಗೆ ದಾಟಿಸಿದರು. ಅವನು ಗಟ್ಟಿಯಾಗಿ ಓದಿದ.

"'ಜೇಬಜ್ ರಡ್, ನಾವಿಕ. ಹೋಗಲಾ ಅಂತ ಕೇಳಿದ. ತಾಯಿಯೂ ಹೆಂಡತಿಯೂ ಹುಷಾರಾಗಿ ಹೋಗು ಅಂದರು.'" ಚೀಟಿ ತಿರುಗಿಸಿ ಹಿಂಬದಿಯನ್ನೂ ನೋಡಿದ. "ಇಷ್ಟೇನಾ ತಾಯಿ? ಕಲ್ಲಲ್ಲಿ ಇನ್ನೂ ಜಾಗ ಇದೆ."

"ಇಷ್ಟೇ" ಅಂದರು ಅಮ್ಮ. "ಜಾಗ ಇರಲಿ ಬಿಡಪ್ಪ."